ಅನುಮಾನವನ್ನೂ ಕರೆದುಕೊಂಡು ವಿಯೆಟ್ನಾಮಿಗೆ

ನಮ್ಮನೆಯವರ ಜೊತೆ ಹೊಸ್ತಿಲು ದಾಟಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಮನೆ ಹತ್ತಿರದ ಟೋಟೆಮ್ ಲೇಕ್‌ಗೆ ತರಕಾರಿ ತರಲು ಹೋದಾಗಲೂ ಆಗುತ್ತದೆ. ಇನ್ನು ವಿಯೆಟ್ನಾಮಿಗೆ ಹೋದರೆ ಕೇಳಬೇಕೆ?

ಯಾರು ಯಾರು ಹೋಗಿದ್ದೆವು ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ಮೈಸೂರಿನವಳು, ನಮ್ಮನೆಯವರು ಬಾಗಲಕೋಟೆಯವರು. ಅಮೆರಿಕದ ಸಿಯಾಟಲ್ ಹತ್ತಿರ, ರೆಡ್ಮಂಡಿನ ಎಜುಕೇಶನ್ ಹಿಲ್‌ನಲ್ಲಿ ನಮ್ಮ ಮನೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಆರನೇ ಕ್ಲಾಸಿನ ಮಗಳಿದ್ದಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ನಮ್ಮನೆಯವರಿಗೆ ಆಫೀಸಿನಲ್ಲಿ ಇರುವ ಕೆಲಸವೇ ಅನುಮಾನ ಪಡುವುದು. ಕಂಪ್ಯೂಟರಿನೊಳಗೆ ಕಳ್ಳರು ಎಲ್ಲಿಂದ ನುಗ್ಗಬಹುದು ಅಂತ ದಿನವಿಡೀ ಯೋಚನೆ ಮಾಡಿದ್ದಕ್ಕೆ ಅವರಿಗೆ ಸಂಬಳ. ಸಂಜೆ ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ. ಟಿಕೆಟ್ ತೆಗೆಸಿದ ದಿನವೇ ಅಪ್ಪಣೆಯಾಯಿತು.

"ನಾವು ಹೊಂಟೀವಿ ಅಂತ ಯಾರಿಗೂ ಹೇಳಬ್ಯಾಡ್ರಿ. ಮನಿ ಖಾಲಿ ಐತಿ ಅಂತ ಊರಿಗೆಲ್ಲಾ ಗೊತ್ತಾಗ್ತೈತಿ."

"ಪಕ್ಕದ ಮನೆಯವರಿಗೂ ಹೇಳೋದು ಬೇಡ್ವಾ?" ಅಂದೆ.

"ಮೊದಲ ಅವರಿಗೇ ಹೇಳಬ್ಯಾಡ."

ಹೀಗೆ, ಕದ್ದು ಓಡಿಹೋಗುವವರ ಹಾಗೆ ನಾಲ್ಕೂ ಜನ ಮನೆಯಿಂದ ಹೊರಬಿದ್ದೆವು.

೧. ಬೋರ್ಡು ಹಿಡಿದವನು

ಹನೋಯ್ ಏರ್‌ಪೋರ್ಟಿನಲ್ಲಿ ಇಳಿದಾಗ ಮಧ್ಯಾಹ್ನ. ಹೊರಗೆ ಹೋಟೆಲಿನವರು ಕಳಿಸಿದ ಡ್ರೈವರು ನಮ್ಮನೆಯವರ ಹೆಸರಿನ ಬೋರ್ಡು ಹಿಡಿದು ನಿಂತಿದ್ದ. ನನಗೆ ಖುಷಿಯಾಯಿತು. ಅವರು ಮಾತ್ರ ನಮ್ಮನ್ನೆಲ್ಲ ಒಂದು ಕಂಬದ ಹಿಂದಕ್ಕೆ ಎಳೆದುಕೊಂಡರು.

"ಹೆಸರು ನೋಡಿದೇನು? ಒಂದು ಅಕ್ಷರ ತಪ್ಪಿಲ್ಲ."

"ಒಳ್ಳೇದಾಯ್ತಲ್ಲ!"

"ಏನ್ ಒಳ್ಳೇದು? ಇಷ್ಟು ವರ್ಷ ಅಮೆರಿಕಾದಾಗ ಅದೀನಿ, ಒಬ್ಬರೂ ನನ್ನ ಹೆಸರು ಸರಿ ಬರದಿಲ್ಲ. ಇಂವಗ ಹೆಂಗ ಬಂತು?"

ಹತ್ತು ನಿಮಿಷ ಕಂಬದ ಹಿಂದೆಯೇ ಕಳೆಯಿತು. ಆಮೇಲೆ ಹೋಗಿ ವಿಚಾರಣೆ ಶುರು ಮಾಡಿದರು. ಯಾವ ಹೋಟೆಲು? ಅವನು ಹೇಳಿದ. ಯಾರು ಬುಕ್ ಮಾಡಿದ್ದು? ಹೇಳಿದ. ಹೋಟೆಲಿಗೆ ಫೋನ್ ಹಚ್ಚಿ ಕೊಟ್ಟ. ಇವರು ಫೋನ್ ಮುಚ್ಚಿ ಹಿಡಿದು ನನ್ನ ಕಡೆ ತಿರುಗಿ, "ಆ ಕಡೆ ಮಾತಾಡಾವ್ರು ಹೋಟೆಲಿನವ್ರೇ ಅಂತ ಏನ್ ಗ್ಯಾರಂಟಿ?" ಅಂದರು. ಅವನ ಲೈಸೆನ್ಸು, ಕಾರಿನ ನಂಬರು, ಕೊನೆಗೆ ಅವನ ಮುಖ, ಎಲ್ಲದರ ಫೋಟೋ ತೆಗೆದದ್ದಾಯಿತು. ಪಾಪ, ಅವನು ಒಂದಕ್ಕೂ ಬೇಡ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ನಗುನಗುತ್ತಲೇ ಕೈ ಚಾಚಿದ.

"ನೌ, ಪಾಸ್‌ಪೋರ್ಟ್."

ಯಾಕೆ ಅಂದರೆ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದ. ಹೋದ ವಾರ ಯಾರೋ ಒಬ್ಬ ಇದೇ ರೀತಿ ಬೋರ್ಡು ನೋಡಿ, ಅದು ತನ್ನದೇ ಹೆಸರು ಅಂತ ಸುಳ್ಳು ಹೇಳಿ ಕಾರು ಹತ್ತಿ ಹೋಗಿಬಿಟ್ಟಿದ್ದನಂತೆ. ಅವತ್ತಿನಿಂದ ಇವನಿಗೂ ಯಾರ ಮೇಲೂ ನಂಬಿಕೆ ಇಲ್ಲ.

ನನ್ನ ಪಾಸ್‌ಪೋರ್ಟು ನೋಡಿದ, ತಲೆ ಆಡಿಸಿದ. ಅತ್ತೆಯದು ನೋಡಿದ, ಕೈ ಮುಗಿದ. ಮಗಳದೂ ಪಾಸಾಯಿತು. ನಮ್ಮನೆಯವರ ಪಾಸ್‌ಪೋರ್ಟಿನ ಫೋಟೋದಲ್ಲಿ ಮಾತ್ರ ತಲೆ ತುಂಬ ಕೂದಲಿತ್ತು. ಡ್ರೈವರು ಫೋಟೋ ನೋಡಿದ, ಬಿಸಿಲಿಗೆ ಹೊಳೆಯುತ್ತಿದ್ದ ತಲೆ ನೋಡಿದ, ಮತ್ತೆ ಫೋಟೋ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಮೇಡಂ, ಯು ಶೂರ್?"

೨. ಹಿಂದೆ ಬಿದ್ದವರು

ಹನೋಯ್‌ನ ಹಳೆಯ ಪೇಟೆಯಲ್ಲಿ ರಸ್ತೆ ದಾಟುವುದು ಅಂದರೆ ಹರಿಯುವ ಸ್ಕೂಟರುಗಳ ಹೊಳೆಗೆ ಇಳಿದಂತೆ. ಯಾರೂ ನಿಲ್ಲಿಸುವುದಿಲ್ಲ. ಮಗಳು ರೆಡ್ಮಂಡಿನಲ್ಲಿ ಹುಟ್ಟಿದವಳು. ಸಿಗ್ನಲ್ ಕಂಬದ ಬಟನ್ ಒತ್ತಿ, ನಡೆಯುವ ಬಿಳಿ ಮನುಷ್ಯನ ಚಿತ್ರ ಬರುವವರೆಗೆ ಕಾಯುವುದೇ ಅವಳಿಗೆ ಗೊತ್ತಿರುವ ವಿದ್ಯೆ. ಇಲ್ಲಿ ಒತ್ತಲು ಬಟನ್ನೂ ಇರಲಿಲ್ಲ. ನಮ್ಮನೆಯವರು ಒಂದು ಕಾಲು ಕೆಳಗಿಡುವುದು, ಮತ್ತೆ ಮೇಲೆ ತೆಗೆದುಕೊಳ್ಳುವುದು, ಇದನ್ನೇ ಕಾಲು ಗಂಟೆ ಮಾಡಿದರು.

ಅತ್ತೆಗೆ ಸಾಕಾಯಿತು. "ಏನು ನಿಂತೀರೋ ಕೆಟ್ಟ ಗಡಿಯಾರದ ಮುಳ್ಳಿನಂಗ" ಅಂತ ಮೊಮ್ಮಗಳ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೀರೆ ನೆರಿಗೆ ಎತ್ತಿ ನಡೆದೇಬಿಟ್ಟರು. ಬಾಗಲಕೋಟೆ ಬಸ್ ಸ್ಟ್ಯಾಂಡಿನ ಮುಂದೆ ಮೂವತ್ತು ವರ್ಷ ರಸ್ತೆ ದಾಟಿದ ಕಾಲು. ಸ್ಕೂಟರುಗಳು ತಾವಾಗಿ ಎರಡು ಕಡೆ ಸರಿದವು. ನಾವಿಬ್ಬರೂ ಸೆರಗು ಹಿಡಿಯುವುದೊಂದು ಬಾಕಿ, ಹಿಂದೆಯೇ ಓಡಿದೆವು.

ಆಚೆ ದಡ ಮುಟ್ಟಿ ತಿರುಗಿ ನೋಡಿದರೆ ನಮ್ಮ ಬೆನ್ನಿಗೇ ಐದು ಜನ ಎತ್ತರದ ಬಿಳಿಯರು ನಿಂತಿದ್ದಾರೆ. ನಾವು ಎರಡು ಹೆಜ್ಜೆ ಸರಿದರೆ ಅವರೂ ಸರಿದರು. ಅತ್ತೆ ತಟ್ಟನೆ ಸೊಂಟದ ಚೀಲ ಗಟ್ಟಿ ಹಿಡಿದುಕೊಂಡರು.

"ನೋಡ್ವಾ, ಇವರ ಕಣ್ಣು ನನ್ನ ಚೀಲದ ಮ್ಯಾಲ ಐತಿ."

"ಹೌದವ್ವಾ, ನಾನೂ ಗಮನಿಸೀನಿ" ಅಂತ ಮಗ ದನಿಗೂಡಿಸಿದರು. "ಒಂದ್ ಸಲ ವಾಪಸ್ ದಾಟಿ ನೋಡೂಣು. ಅಲ್ಲಿಗೂ ಬಂದ್ರ ಖರೇನ ಕಳ್ಳರು."

ಸರಿ, ವಾಪಸ್ ದಾಟಿದೆವು. ಐದೂ ಜನ ಅಲ್ಲೇ ಉಳಿದರು. ಅತ್ತೆಗೆ ಸಮಾಧಾನವಾಯಿತು. ಆದರೆ ನಾವು ನೋಡಬೇಕಾಗಿದ್ದ ಕೆರೆ ಇದ್ದದ್ದು ಆಚೆ ಕಡೆ! ಮತ್ತೆ ದಾಟಲು ಅತ್ತೆ ನೆರಿಗೆ ಎತ್ತಿದರು. ಅಷ್ಟರಲ್ಲಿ ರಸ್ತೆ ದಾಟಲಾರದೆ ನಿಂತಿದ್ದ ಒಬ್ಬ ಬಿಳಿಯ ಮುದುಕ ಹಿಂದಿನಿಂದ ಬಂದು ಬಹಳ ವಿನಯದಿಂದ ಇಂಗ್ಲಿಷಿನಲ್ಲಿ ಏನೋ ಕೇಳಿದ. ಮಗಳು ನಗು ತಡೆಯಲಾರದೆ ನಮಗೆ ಹೇಳಿದಳು. "ಅಜ್ಜಿ, ಹಿ ವಾಂಟ್ಸ್ ಟು ನೋ... ನೆಕ್ಸ್ಟ್ ಟ್ರಿಪ್ ಎಷ್ಟೊತ್ತಿಗೆ ಅಂತೆ."

ಅವಳ ಬಾಯಿಂದ ಕನ್ನಡ ಹೊರಟದ್ದು ಇಡೀ ಪ್ರವಾಸದಲ್ಲಿ ಅದೊಂದೇ ಸಲ.

೩. ಪಕ್ಕದ ಮನೆಯಾಕೆಯ ಮೆಸೇಜು

ನಾಲ್ಕನೆಯ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ರೆಡ್ಮಂಡಿನಿಂದ ಮೆಸೇಜು ಬಂತು. ನಮ್ಮ ಪಕ್ಕದ ಮನೆಯಾಕೆ ಬೆಂಗಳೂರಿನವರು. "ಎಲ್ಲಾ ಸರಿ ಇದೆಯಾ? ಸ್ವಲ್ಪ ಕಾಲ್ ಮಾಡ್ತೀರಾ?"

ನಾನು ಅದನ್ನು ಗಟ್ಟಿಯಾಗಿ ಓದಿದೆ. ನಮ್ಮನೆಯವರು ಚಮಚ ಕೆಳಗಿಟ್ಟರು. "ಹೇಳಿದ್ದಿಲ್ಲ ನಾ? ಮನಿ ಒಡದಾರ!"

ಸ್ಪೀಕರ್ ಹಾಕಿ ಕಾಲ್ ಮಾಡಿದೆ. ಆಕೆ ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೇಲಿ ಅತ್ತೆ ಸೊಸೆ ಜಗಳ ಜೋರಾಗಿ ಕೇಳಿಸ್ತಾ ಇತ್ತು" ಅಂದರು.

"ನಾವು ಊರಲ್ಲೇ ಇಲ್ಲ! ವಿಯೆಟ್ನಾಮಿನಲ್ಲಿದೀವಿ" ಅಂತ ಬಾಯಿಬಿಟ್ಟೆ. ಪಕ್ಕದಲ್ಲಿ ನಮ್ಮನೆಯವರು ಹಣೆ ಚಚ್ಚಿಕೊಂಡರು. ಗುಟ್ಟು ಹೋಯಿತಲ್ಲ ಅಂತ ಅಲ್ಲ, ಅವರಿಗೆ ಅಷ್ಟು ಹೊತ್ತಿಗೆ ವಿಷಯ ಹೊಳೆದಿತ್ತು. ಮನೆಯಲ್ಲಿ ಜನ ಇದ್ದಾರೆ ಅಂತ ಕಳ್ಳರಿಗೆ ಅನ್ನಿಸಲಿ ಅಂತ ದಿನಾ ಸಂಜೆ ಎರಡು ಗಂಟೆ ಹೊತ್ತು ತಾನಾಗಿ ಟೀವಿ ಹಚ್ಚಿಕೊಳ್ಳುವ ಹಾಗೆ ವ್ಯವಸ್ಥೆ ಮಾಡಿ ಬಂದಿದ್ದರು. ಇಂಗ್ಲಿಷ್ ಹಚ್ಚಿದರೆ ನಮ್ಮ ಮನೆ ಅನ್ನಿಸುವುದಿಲ್ಲ ಅಂತ ಕನ್ನಡ ಧಾರಾವಾಹಿ.

ನಾನು ಎಲ್ಲವನ್ನೂ ಬಿಡಿಸಿ ಹೇಳಿ, "ನಾಲ್ಕು ದಿನದಿಂದ ನಡೀತಿರಬೇಕಲ್ಲ, ಮೊದಲೇ ಹೇಳೋದಲ್ವಾ?" ಅಂದೆ.

"ಮೂರು ದಿನ ಕೇಳಿಸ್ಕೊಂಡೆ. ನೀವೇ ಅಂತ ಸುಮ್ಮನಿದ್ದೆ."

"ಮತ್ತೆ ಇವತ್ತು ಅನುಮಾನ ಯಾಕೆ ಬಂತು?"

ಆಕೆ ಸ್ವಲ್ಪ ಸಂಕೋಚದಿಂದ ಹೇಳಿದರು: "ಇವತ್ತು ಅತ್ತೆ ಸೊಸೆ ಹತ್ರ ಕ್ಷಮೆ ಕೇಳಿದ್ರು ಕಣ್ರೀ."

೪. ಸೋಯಾ ಮೀನು

ಸಸ್ಯಾಹಾರಕ್ಕೆ ವಿಯೆಟ್ನಾಮಿನಲ್ಲಿ "ಚಾಯ್" ಅನ್ನುತ್ತಾರೆ. ಬೋರ್ಡಿನ ಮೇಲೆ ಆ ಪದ ಇದ್ದರೆ ಕಣ್ಣು ಮುಚ್ಚಿ ಒಳಗೆ ಹೋಗಬಹುದು ಅಂತ ಓದಿಕೊಂಡು ಹೋಗಿದ್ದೆ. ಅತ್ತೆ ಎಲ್ಲಿಯೂ ಕಣ್ಣು ಮುಚ್ಚುವವರಲ್ಲ. ಹೊರಟಾಗಿನಿಂದ ಬಾಳೆಹಣ್ಣು, ಜೊತೆಗೆ ತಂದಿದ್ದ ಶೇಂಗಾ ಚಟ್ನಿಪುಡಿ, ಬಿಳಿ ಅನ್ನ, ಇಷ್ಟರಲ್ಲೇ ಇದ್ದರು. ಸೊರಗಿದ್ದರು ಕೂಡ. ಒಂದು ದಿನವಾದರೂ ಹೊಟ್ಟೆ ತುಂಬ ಉಣ್ಣಲಿ ಅಂತ ಬೌದ್ಧ ಗುಡಿಯೊಂದರ ಪಕ್ಕದ ಚಾಯ್ ಹೋಟೆಲಿಗೆ ಕರೆದುಕೊಂಡು ಹೋದೆ.

ಹೋಟೆಲ್ ನಡೆಸುವಾಕೆ ಅತ್ತೆಯ ವಯಸ್ಸಿನವರೇ. ಪ್ರೀತಿಯಿಂದ ತಾವೇ ಒಂದು ತಟ್ಟೆ ತಂದಿಟ್ಟರು. ಮುಚ್ಚಳ ತೆಗೆದರೆ ಇಡೀ ಮೀನು! ಬಾಲ, ರೆಕ್ಕೆ, ಮೈಮೇಲೆ ಕಪ್ಪು ಚರ್ಮ, ಕಣ್ಣಿನ ಜಾಗದಲ್ಲಿ ಒಂದು ಮೆಣಸಿನ ಕಾಳು.

ಅತ್ತೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು. "ಯವ್ವಾ! ನನ್ನ ಕೆಡಸಾಕ ಕರ್ಕೊಂಡ್ ಬಂದೀಯೇನು?"

"ಅತ್ತೆ, ಅದು ಸೋಯಾದಲ್ಲಿ ಮಾಡಿದ್ದು. ಮೀನಿನ ಥರ ಕಾಣುತ್ತೆ ಅಷ್ಟೇ."

"ಹಂಗಂತ ಅವರು ಹೇಳ್ತಾರ. ಮೀನಂತೂ ಬಾಯಿ ತಗದು ಹೇಳಂಗಿಲ್ಲ."

ಹೋಟೆಲಿನಾಕೆಗೆ ಭಾಷೆ ತಿಳಿಯದಿದ್ದರೂ ಸಂಗತಿ ತಿಳಿಯಿತು. ಅತ್ತೆಯ ಕೈ ಹಿಡಿದು ಸೀದಾ ಅಡುಗೆಮನೆಗೇ ಕರೆದುಕೊಂಡು ಹೋದರು. ಸೋಯಾ ಹಾಲಿನ ಕೆನೆ ತೋರಿಸಿದರು, ಚರ್ಮಕ್ಕೆ ಹಚ್ಚುವ ಸಮುದ್ರದ ಸೊಪ್ಪು ತೋರಿಸಿದರು, ಅತ್ತೆಯ ಕಣ್ಣೆದುರೇ ಮಡಚಿ, ಒತ್ತಿ, ಬಾಲ ತಿದ್ದಿ ಇನ್ನೊಂದು ಮೀನು ಮಾಡಿದರು. ಅತ್ತೆ ಎಣ್ಣೆ ಮೂಸಿದರು, ಡಬ್ಬಿಗಳ ಮುಚ್ಚಳ ತೆಗೆಸಿದರು, ಬಾಣಲೆಯ ತಳವನ್ನೂ ತಿರುಗಿಸಿ ನೋಡಿದರು. ಅರ್ಧ ಗಂಟೆಯ ಮೇಲೆ ಇಬ್ಬರೂ ಕೈ ಕೈ ಹಿಡಿದುಕೊಂಡು ಹೊರಗೆ ಬಂದರು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ವಿಯೆಟ್ನಾಮೀಸಿನಲ್ಲಿ ನಗುತ್ತ ಮಾತಾಡುತ್ತಿದ್ದರು.

ಗೆದ್ದೆ ಅಂದುಕೊಂಡೆ. "ಸಮಾಧಾನ ಆಯ್ತಾ ಅತ್ತೆ? ಎಲ್ಲ ಶುದ್ಧ ತಾನೇ?"

"ಶುದ್ಧ ಅಂದ್ರ ಶುದ್ಧ. ಗುಡಿ ಪ್ರಸಾದ ಇದ್ದಂಗ ಐತಿ."

"ಹಾಗಾದ್ರೆ ಊಟ ಮಾಡಿ."

ಅತ್ತೆ ತಟ್ಟೆಯನ್ನು ಒಂದು ಬೆರಳಿನಿಂದ ನನ್ನ ಕಡೆ ತಳ್ಳಿದರು. "ನಾ ಒಲ್ಲೆ. ಇಷ್ಟು ಚಂದ ಮೀನ ಮಾಡಾಕ ಬರ್ತೈತಿ ಅಂದ್ರ, ಆಕಿ ಮೊದಲ ಖರೇ ಮೀನ ಎಷ್ಟು ತಿಂದಿರಬೇಕು!"

೫. ಕಪ್ಪು ಟೋಪಿಯವನು

ವಾಪಸ್ ಬರುವಾಗ ನಡುವೆ ಒಂದು ಊರಿನಲ್ಲಿ ವಿಮಾನ ಬದಲಿಸಬೇಕಿತ್ತು. ಸಿಯಾಟಲ್ ವಿಮಾನಕ್ಕೆ ಮೂರು ಗಂಟೆ ಇತ್ತು. ಏರ್‌ಪೋರ್ಟಿನ ವೈಫೈ ಮೇಲೆ ನಂಬಿಕೆ ಇಲ್ಲದ ನಮ್ಮನೆಯವರು ಹನೋಯ್‌ನಲ್ಲಿ ಆಫ್ ಮಾಡಿದ ಫೋನನ್ನು ಆನ್ ಮಾಡಿರಲೇ ಇಲ್ಲ. ನಾನು ಆನ್ ಮಾಡಿಕೊಂಡು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಸ್ಕ್ರೀನಿನ ಮೇಲೆ ಎಚ್ಚರಿಕೆ ಬಂತು. ಯಾರದೋ ಟ್ರ್ಯಾಕರ್ ನಿಮ್ಮ ಜೊತೆ ಸಂಚರಿಸುತ್ತಿದೆ, ನೀವು ಎಲ್ಲಿದ್ದೀರಿ ಅಂತ ಅದರ ಮಾಲೀಕರಿಗೆ ಕಾಣುತ್ತಿರಬಹುದು ಅಂತ.

ಫೋನನ್ನು ನಮ್ಮನೆಯವರ ಮುಂದೆ ಹಿಡಿದೆ. ಅವರ ಮುಖ ಕೆಂಪಾಯಿತು.

"ಹಿಂದ ತಿರಗಬ್ಯಾಡ. ಕಪ್ಪು ಟೋಪಿ ಹಾಕ್ಕೊಂಡಾಂವ ಒಬ್ಬ ಕುಂತಾನ. ಹನೋಯ್‌ದಾಗ ನಮ್ಮ ಲೈನಿನಾಗ ಇದ್ದ. ವಿಮಾನದಾಗ ನಮ್ಮ ಹಿಂದಿನ ಸೀಟು. ಈಗ ಇಲ್ಲೆ."

"ಡ್ಯಾಡ್, ಹಿ ಈಸ್ ಆನ್ ಅವರ್ ಫ್ಲೈಟ್" ಅಂದಳು ಮಗಳು.

"ಅದನ್ನ ನಾನೂ ಹೇಳಾಕತ್ತೀನಿ!"

ನಾನು ಬೇಡ ಬೇಡ ಅನ್ನುತ್ತಿದ್ದಂತೆ ಅವರೇ ಹೋಗಿ ಏರ್‌ಪೋರ್ಟ್ ಪೊಲೀಸರನ್ನು ಕರೆತಂದರು. ಬಂದಾಕೆ ಒಬ್ಬ ಗಂಭೀರ ಮುಖದ ಮಹಿಳಾ ಅಧಿಕಾರಿ. ನಮ್ಮ ನಾಲ್ವರನ್ನೂ ಒಂದು ಕೋಣೆಗೆ ಕರೆದುಕೊಂಡು ಹೋದರು. ಟೋಪಿಯವನನ್ನು ಇನ್ನೊಂದಕ್ಕೆ. ನನ್ನ ಹ್ಯಾಂಡ್‌ಬ್ಯಾಗಿನ ಸಾಮಾನೆಲ್ಲ ಮೇಜಿನ ಮೇಲೆ ಸುರಿದರು. ಒಳಗಿನ ಅಸ್ತರು ತಡವಿದರು. ಹೊಲಿಗೆ ಬಿಚ್ಚಿದ ಜಾಗದಿಂದ ಕೋಟಿನ ಗುಂಡಿಯಷ್ಟಿರುವ ಬಿಳಿ ಬಿಲ್ಲೆ ಹೊರಬಂತು.

"ನೋಡ್ರಿ!" ಅಂತ ನಮ್ಮನೆಯವರು ಮೇಜು ಗುದ್ದಿದರು. "ಎಂಥಾ ತಲಿ ಓಡಿಸ್ಯಾನ ನೋಡ್ರಿ ಬದ್ಮಾಶ!"

ಅಧಿಕಾರಿ ಬಿಲ್ಲೆಯನ್ನು ತಮ್ಮ ಫೋನಿಗೆ ತಾಗಿಸಿದರು. ಮಾಲೀಕನ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕಂಡವು. ಗಟ್ಟಿಯಾಗಿ ಓದಿದರು. ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಮಗಳ ಶಾಲೆಯ ಫಾರಂಗಳಲ್ಲಿ, ಅಪಾಯವಾದರೆ ಯಾರಿಗೆ ತಿಳಿಸಬೇಕು ಅನ್ನುವ ಕಡೆ ವರ್ಷಾ ವರ್ಷಾ ನಾನೇ ಬರೆಯುವ ನಮ್ಮನೆಯವರ ನಂಬರು!

ಇದು ನನ್ನ ಗಂಡನ ನಂಬರು ಅಂತ ಇಂಗ್ಲಿಷಿನಲ್ಲಿ ಅಧಿಕಾರಿಗೆ ಹೇಳಿಬಿಟ್ಟೆ. ನಮ್ಮನೆಯವರು ತಲೆ ಸವರಿಕೊಂಡರು. "ಹೊರಡೂ ದಿನ ಎಲ್ಲಾ ಬ್ಯಾಗಿಗೂ ಒಂದೊಂದು ಹಾಕಿದ್ದೆ... ನಿನ್ನ ಬ್ಯಾಗಿಗೆ ಹಾಕಿದ್ದು ಮರತ ಹೋಗಿತ್ತು. ನನ್ನ ಫೋನ್ ಬಂದ್ ಇದ್ದದ್ದಕ್ಕ ಅದು ಯಾರದೋ ಅಂತ ನಿನ್ನ ಫೋನಿಗೆ ಅನ್ನಿಸೈತಿ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರ ನೀ ತಗದು ಇಡ್ತಿದ್ದಿ."

ಇದೆಲ್ಲ ಕನ್ನಡದಲ್ಲಿ ನಡೆದದ್ದರಿಂದ ಅಧಿಕಾರಿಗೆ ಕಂಡದ್ದು ಇಷ್ಟೇ: ಹೆಂಡತಿಯ ಬ್ಯಾಗಿನ ಅಸ್ತರಿನಲ್ಲಿ ಗಂಡ ಅಡಗಿಸಿಟ್ಟ ಟ್ರ್ಯಾಕರ್. ಆಕೆ ಇವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದರು. "ಮೇಡಂ, ನಿಮ್ಮ ಮನೆಯಲ್ಲಿ ನೀವು ಕ್ಷೇಮವಾಗಿದ್ದೀರಾ?"

ನಾನು ನಕ್ಕೆ. ಆಕೆ ನಗಲಿಲ್ಲ. ಅತ್ತೆಯ ಕಡೆ ತಿರುಗಿ, ಇವರು ಯಾವಾಗಲೂ ಹೀಗೆಯೇ ಇರುತ್ತಾರಾ ಅಂತ ವಿಚಾರಿಸಿದರು. ಮಗಳು ಕನ್ನಡದ ಬದಲು ಕೈಸನ್ನೆಯಲ್ಲೇ ಅಜ್ಜಿಗೆ ಪ್ರಶ್ನೆ ದಾಟಿಸಿದಳು. ಅತ್ತೆ ನಿಟ್ಟುಸಿರಿಟ್ಟು ಅಂದರು, "ಸಣ್ಣಾಂವ ಇದ್ದಾಗಿಂದ ಹಿಂಗ ಅದಾನವಾ. ಎಷ್ಟು ಹೇಳಿದ್ರೂ ಕೇಳಂಗಿಲ್ಲ."

ಮಗಳು ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದಳು. ಅಧಿಕಾರಿ ಟೋಪಿಯವನನ್ನು ಬಿಟ್ಟು ಕಳಿಸಲು ಹೇಳಿ, ಬಹಳ ಹೊತ್ತು ಬರೆದುಕೊಂಡರು. ಆಮೇಲೆ ನನ್ನ ಹತ್ತಿರ ಬಾಗಿ, "ನೀವು ಬಯಸಿದರೆ ವಿಮಾನದಲ್ಲಿ ಇವರಿಂದ ದೂರ ಬೇರೆ ಸೀಟು ಕೊಡಿಸಬಹುದು" ಅಂದರು.

ಮೂಲೆಯಿಂದ ನಮ್ಮನೆಯವರು ಬೇಡ ಅನ್ನು ಅಂತ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಮುಂದೆ ಹನ್ನೊಂದು ಗಂಟೆಯ ಪ್ರಯಾಣ. ಪಕ್ಕದ ಸೀಟಿನವನ ಮೇಲೆ, ಊಟದ ಡಬ್ಬಿಯ ಮೇಲೆ, ವಿಮಾನದ ರೆಕ್ಕೆಯ ಸದ್ದಿನ ಮೇಲೆ ಅವರ ಅನುಮಾನಗಳನ್ನೆಲ್ಲ ಕೇಳುತ್ತ ಹನ್ನೊಂದು ಗಂಟೆ.

"ಕಿಟಕಿ ಪಕ್ಕ ಸಿಗುತ್ತಾ?" ಅಂದೆ.

ಸಿಕ್ಕಿತು. ಮುಂದುಗಡೆ, ಕಾಲು ಚಾಚುವಷ್ಟು ಜಾಗ, ಪಕ್ಕದ ಸೀಟು ಖಾಲಿ. ಮದುವೆಯಾದ ಮೇಲೆ ಅಷ್ಟು ನಿಶ್ಚಿಂತೆಯಾಗಿ ನಾನು ನಿದ್ದೆ ಮಾಡಿದ್ದಿಲ್ಲ.

ಎಚ್ಚರವಾಗಿ ನೋಡಿದರೆ ಪಕ್ಕದ ಸೀಟಿನಲ್ಲಿ ಅತ್ತೆ, ಕಂಬಳಿ ಹೊದ್ದು, ಜ್ಯೂಸ್ ಕುಡಿಯುತ್ತ ಕೂತಿದ್ದಾರೆ.

"ಅತ್ತೆ, ನೀವು ಹೇಗೆ ಬಂದ್ರಿ?"

ಅತ್ತೆ ಸೊಂಟದ ಚೀಲಕ್ಕೆ ಕೈ ಹಾಕಿ, ಕೋಟಿನ ಗುಂಡಿಯಷ್ಟಿರುವ ಬಿಳಿ ಬಿಲ್ಲೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನನ್ನ ಚೀಲದಾಗೂ ಒಂದು ಸಿಕ್ಕಿತು. ಆ ಗಗನಸಖಿಗೆ ತೋರಿಸಿ, ಮೊಮ್ಮಗಳ ಕಡಿಂದ ಹೇಳಿಸಿದೆ, ನನಗೂ ಅಂವನ ಬಾಜೂಕ ಅಂಜಿಕಿ ಬರ್ತೈತಿ ಅಂತ."