ನಡುವಿನಿಂದ ತುಸು ಎಡಕ್ಕಿದ್ದ ನಮ್ಮ ಪಕ್ಷ

ಸಣ್ಣ ಪಕ್ಷ ಕಟ್ಟಿದವರಿಗೆ ಮತ ಸಿಗದಿದ್ದರೂ ನಗಲಿಕ್ಕೆ ವಾರಕ್ಕೊಂದು ಕಾರಣ ಸಿಗುತ್ತದೆ. ನಾನು ಜೇವರ್ಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅಕ್ಷರ ಚೆನ್ನಾಗಿದೆ ಎಂಬ ಒಂದೇ ಅರ್ಹತೆಯ ಮೇಲೆ, ನಿವೃತ್ತ ಗಣಿತದ ಮಾಸ್ತರರು ಕಟ್ಟಿದ ಪಕ್ಷಕ್ಕೆ ಕಾರ್ಯದರ್ಶಿಯಾದೆ. ಅಧ್ಯಕ್ಷರು ಮಾಸ್ತರರೇ. ಪಕ್ಷ ಎರಡು ವರ್ಷವೂ ಬದುಕಲಿಲ್ಲ.

ಆಳಂದದ ಸಿದ್ಧಾಂತ

ಮೊದಲ ಸಭೆ ಆಳಂದದ ಬಸ್ ಸ್ಟ್ಯಾಂಡ್ ಎದುರು. ಮಾಸ್ತರರು ಸಿದ್ಧಾಂತ ವಿವರಿಸಿದರು: "ನಾವು ಪೂರಾ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ನಡುವಿನಿಂದ ತುಸು ಎಡಕ್ಕ ಇದ್ದೀವ್ರಿ."

ಮುಂದೆ ಕೂತಿದ್ದ ಆಟೋ ಚಾಲಕ ಎದ್ದು ನಿಂತ. "ಸರ್, ನಮ್ಮ ರೋಡಿನ್ಯಾಗ ನಡುವಿನಿಂದ ತುಸು ಎಡಕ್ಕ ಹೋದ್ರ ಸೀದಾ ತೆಗ್ಗಿಗೆ ಬೀಳ್ತೀರಿ. ನೋಡ್ಕೊಂಡು ಹೋಗ್ರಿ."

ಮಾಸ್ತರರು ಅವತ್ತೇ ರಸ್ತೆ ರಿಪೇರಿಯನ್ನು ಪ್ರಣಾಳಿಕೆಗೆ ಸೇರಿಸಿದರು.

ಅಫಜಲಪುರದ ಚಹಾ

ಚುನಾವಣೆಗೆ ಮಾಸ್ತರರು ಅಫಜಲಪುರದಿಂದ ನಿಂತರು. ಒಂದು ಮನೆಯ ಅಜ್ಜಿ ನಮ್ಮನ್ನು ಕೂಡಿಸಿ, ಚಹಾ ಕೊಟ್ಟು, "ನಿಮಗೇ ಓಟ್ ಹಾಕ್ತೇನ್ರಿ" ಅಂದಳು. ಮಾಸ್ತರರ ಕಣ್ಣು ತುಂಬಿದವು. ಅವರು ಹೊರಗೆ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ, "ಖರೇನೇ ಹಾಕ್ತೀರೇನಮ್ಮಾ?"

"ಬಂದೋರಿಗೆಲ್ಲಾ ಹಂಗೇ ಅಂತೇನಿ ಬೇ. ಆದ್ರ ಚಹಾ ನಿಮಗಷ್ಟೇ ಕೊಟ್ಟೇನಿ. ಬಿಸಲಾಗ ನಡ್ಕೋತ ಬಂದೀರಿ."

ಮಾಸ್ತರರಿಗೆ ಚಹಾದ ಮಾತಷ್ಟೇ ಹೇಳಿದೆ. ಅದರ ಹುರುಪಿನಲ್ಲಿ ಅವರು ಇನ್ನೂ ಮೂರು ಓಣಿ ತಿರುಗಿದರು.

ಜೇವರ್ಗಿಯ ಕೊನೆಯ ಸಭೆ

ಸೋತೆವು. ಪಕ್ಷ ಮುಚ್ಚಲಿಕ್ಕೆ ನನ್ನ ಅಂಗಡಿಯಲ್ಲೇ ಸಭೆ ಕರೆದೆವು. ನಾಲ್ಕು ಕುರ್ಚಿ ಇಟ್ಟಿದ್ದೆ. ನಲವತ್ತು ಹೆಂಗಸರು ಬಂದರು. ನಾವು ತಿಂಗಳುಗಟ್ಟಲೆ ಡಿಪೋಗೆ ಅಲೆದು ಕೇಳಿದ್ದ ಬಸ್ಸು ಆ ವಾರವೇ ಅವರ ಹಳ್ಳಿಗೆ ಬಂದಿತ್ತು. ಅವರ ಹೆಣ್ಣುಮಕ್ಕಳು ಕಾಲೇಜಿಗೆ ಹೊರಟಿದ್ದರು.

ಪಕ್ಷ ಬದುಕಿದ್ದಾಗ ಇಷ್ಟು ಜನ ಒಮ್ಮೆಯೂ ಸೇರಿರಲಿಲ್ಲ. ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಪಕ್ಷ ಮುಚ್ಚಾಕತ್ತೇವ್ರಿ. ಒಪ್ಪಿಗಿ ಇದ್ದವರು ಕೈ ಎತ್ರಿ."

ಎಲ್ಲರೂ ಕೈ ಎತ್ತಿದರು. ಮಾಸ್ತರರ ಮುಖ ಸಣ್ಣದಾಯಿತು.

"ಮುಚ್ಚಿ ಬಿಡ್ರಿ ಸರ್," ಅಂದಳು ಮುಂದಿದ್ದ ಹೆಂಗಸು, "ಎಲೆಕ್ಷನ್ದಾಗ ನಿಮ್ಮ ಟೈಮ್ ಸುಮ್ನ ಹಾಳಾಗ್ತದ. ಯಡ್ರಾಮಿ ಕಡೆ ನನ್ನ ತವರೂರಿಗೂ ಬಸ್ ಬೇಕಾಗ್ಯದ. ಅರ್ಜಿ ಬರಿಸ್ಕೊಂಡು ಬಂದೇನಿ."

ಮಾಸ್ತರರು ಕನ್ನಡಕ ಹಾಕಿಕೊಂಡು ಅರ್ಜಿ ಓದತೊಡಗಿದರು. ನಾನು ನಡಾವಳಿ ಪುಸ್ತಕದಲ್ಲಿ ಬರೆದೆ: "ಪಕ್ಷವನ್ನು ಸರ್ವಾನುಮತದಿಂದ ವಿಸರ್ಜಿಸಲಾಯಿತು. ಮುಂದಿನ ಸಭೆ ಸೋಮವಾರ."