ಎಂ.ಎ.ಗೆ ಹರಕೆ ಹೇಳಿದ ಕೋಳಿ

ನಮ್ಮ ಕಡೆ ಒಬ್ಬ ಅರ್ಥಶಾಸ್ತ್ರ ಓದಲು ಕೂತರೆ ಪರೀಕ್ಷೆ ಅವನೊಬ್ಬನಿಗೇ ಅಲ್ಲ, ಇಡೀ ಕುಟುಂಬಕ್ಕೆ. ಅರುವತ್ತರ ದಶಕದಲ್ಲಿ, ಸಿದ್ಧಕಟ್ಟೆಯಲ್ಲಿ ಮಾಸ್ಟ್ರಾಗಿದ್ದುಕೊಂಡೇ ನಾನು ಖಾಸಗಿಯಾಗಿ ಎಂ.ಎ.ಗೆ ಕಟ್ಟಿದೆ. ಕಾರಣ ಬೆಳ್ತಂಗಡಿಯ ಒಬ್ಬಳು ಹುಡುಗಿ. ನನಗೆ ಅವಳು ತುಂಬಾ ಹಿಡಿಸಿದ್ದಳು. ಆದರೆ ಅವಳ ಸೋದರಮಾವ ಖಡಾಖಂಡಿತ ಹೇಳಿಬಿಟ್ಟಿದ್ದರು: "ಎಂ.ಎ. ಪಾಸಾದರೆ ಮದುವೆ. ಇಲ್ಲದಿದ್ದರೆ ಬೇರೆ ಗಂಡು ಉಂಟು."

ಮಾವನ ಸಂಶಯ

ನಮ್ಮದು ಅಳಿಯಕಟ್ಟಿನ ಮನೆ. ಯಜಮಾನಿಕೆ ನನ್ನ ಸೋದರಮಾವನದ್ದು, ಅವರ ನಂತರ ಅಳಿಯನಾದ ನನ್ನದು. ಒಂದು ದಿನ ಅವರು ನನ್ನ ಪುಸ್ತಕ ನೋಡಿ ಕೇಳಿದರು.

"ಇದರಲ್ಲಿ ಎಂತ ಕಲಿಸ್ತಾರೆ ಮಾರಾಯ?"

"ಇರುವ ಸೊತ್ತನ್ನು ಹೇಗೆ ಹಂಚಿಕೊಳ್ಳುವುದು ಅಂತ, ಮಾವ."

ಮಾವನ ಮುಖ ಸಣ್ಣದಾಯಿತು. "ನಾನಿನ್ನೂ ಸತ್ತಿಲ್ಲ!"

ಮೂರನೆಯ ಹೋಳಿಗೆ

ಮೂಡಬಿದಿರೆಯ ಒಂದು ಮದುವೆಯೂಟದಲ್ಲಿ ಹುಡುಗಿಯ ಮಾವನೇ ಬಡಿಸಲು ನಿಂತಿದ್ದರು. ಬೇಡ ಎಂದರೆ ಅವರಿಗೆ ಬೇಸರ, ತಿಂದರೆ ನನಗೆ ಕಷ್ಟ. ಎರಡು ಹೋಳಿಗೆ ಮುಗಿಸಿ ಶಾಸ್ತ್ರದ ಮೊರೆ ಹೋದೆ.

"ಮೊದಲನೆಯದರ ತೃಪ್ತಿ ಎರಡನೆಯದರಲ್ಲಿ ಸಿಗುವುದಿಲ್ಲ. ಮೂರನೆಯದರಲ್ಲಿ ಇನ್ನೂ ಕಡಿಮೆ. ಅರ್ಥಶಾಸ್ತ್ರದ ನಿಯಮವೇ ಹಾಗೆ ಉಂಟು."

ಅವರು ಗಾಬರಿಯಾಗಿ ಅಡುಗೆಯವರನ್ನು ಕೂಗಿದರು: "ಬೇಗ ಬನ್ನಿ, ಮೂರನೆಯದಕ್ಕೆ ಕಾಯಿಹಾಲು ಜಾಸ್ತಿ ಹೊಯ್ಯಿರಿ! ಹುಡುಗನಿಗೆ ತೃಪ್ತಿ ಸಾಕಾಗ್ತಾ ಇಲ್ಲವಂತೆ!"

ದೈವದ ತೀರ್ಪು

ನನಗೆ ಫಸ್ಟ್ ಕ್ಲಾಸ್ ಬಂದರೆ ಮನೆಯ ದೈವಕ್ಕೆ ಒಂದು ಹುಂಜ ಕೊಡುತ್ತೇನೆಂದು ನನ್ನ ಮಾವ ಹರಕೆ ಹೇಳಿದ್ದರು. ಬಂದದ್ದು ಥರ್ಡ್ ಕ್ಲಾಸ್. ಹುಂಜ ಕೊಡಬೇಕೋ ಬೇಡವೋ ಎಂದು ಮಾವನಿಗೆ ಚಿಂತೆ. ಇದನ್ನು ಪಾಸೆನ್ನಬಹುದೋ ಎಂದು ಹುಡುಗಿಯ ಮಾವನಿಗೆ ಅನುಮಾನ. ನನಗಂತೂ ನಿದ್ದೆಯೇ ಇಲ್ಲ.

ಕೊನೆಗೆ, ದೈವ ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುವ ಕೋಲದ ದಿನ, ಇಬ್ಬರೂ ಮಾವಂದಿರು ದೈವದ ಮುಂದೆಯೇ ಕೈಮುಗಿದು ವಿಷಯ ಇಟ್ಟರು. ನಾನು ಹಿಂದೆ ನಿಂತಿದ್ದೆ. ದೈವ ನನ್ನ ಕಡೆ ತಿರುಗಿತು. ಆಮೇಲೆ ಗಂಭೀರವಾಗಿ ನುಡಿಯಿತು:

"ಪಾಸು ಮಾಡಿಸಿದ್ದು ನಾವು, ಅದರಲ್ಲಿ ಸಂಶಯ ಬೇಡ. ಕ್ಲಾಸು ಅವನದ್ದು, ಅದನ್ನು ನಮ್ಮ ತಲೆಗೆ ಕಟ್ಟಬೇಡಿ. ಹುಂಜ ಬರಲಿ."

ಹುಡುಗಿಯ ಮಾವ ಅಲ್ಲೇ ಒಪ್ಪಿಕೊಂಡರು. ಮದುವೆಯಾಯಿತು, ಸಂಸಾರವೂ ಚೆನ್ನಾಗಿ ಸಾಗಿತು. ಆದರೆ ಇಂದಿಗೂ ನಾನು ಬಂಟ್ವಾಳ ಪೇಟೆಯಿಂದ ಹುಳುಕು ಬದನೆ ತಂದರೆ ಹೆಂಡತಿ ಬೈಯುವುದಿಲ್ಲ. ಚೀಲದೊಳಗೆ ಇಣುಕಿ ಇಷ್ಟೇ ಹೇಳುತ್ತಾಳೆ:

"ಇದರಲ್ಲಿ ದೈವದ್ದು ಏನೂ ಇಲ್ಲ. ಪೂರಾ ನಿಮ್ಮದೇ ಕ್ಲಾಸು."