ಅಲುಗಾಡದ ಬ್ಯಾಗು

ಆ ದಿನದ ಅವಮಾನಕ್ಕೆಲ್ಲ ಮೂಲ ಒಂದೇ ಮಾತು. ಬೆಳಿಗ್ಗೆ ಏಳು ಗಂಟೆಗೆ ಹಲ್ಲುಜ್ಜುತ್ತ, ಬಾಯಿ ತುಂಬ ನೊರೆ ಇಟ್ಟುಕೊಂಡು ಟೇಪಣ್ಣ ಹೇಳಿದ: "ಬ್ಯಾಗ್ ತುಂಬೋದು ನನಗೆ ಹೇಳಿಕೊಡ್ಬೇಡಿ. ಅದೇ ನನ್ನ ಹೊಟ್ಟೆಪಾಡು."

ಟೇಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಗಾಜಿನ ಲೋಟಗಳ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹನ್ನೆರಡು ವರ್ಷ ದುಡಿದದ್ದಕ್ಕೆ ಜೊತೆಯವರು ದಯಪಾಲಿಸಿದ ಬಿರುದು. ಅವನು ಕಟ್ಟಿದ ಪೆಟ್ಟಿಗೆಯಲ್ಲಿ ಇಂದಿನವರೆಗೆ ಒಂದು ಲೋಟವೂ ಒಡೆದಿಲ್ಲ. ಕಟ್ಟಿ ಮುಗಿಸಿದ ಮೇಲೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾನೆ. ಒಳಗಿನಿಂದ ಸದ್ದು ಬಂದರೆ ಇನ್ನೆರಡು ಸುತ್ತು ಟೇಪು. ಬರದಿದ್ದರೂ ಒಂದು ಸುತ್ತು, ಮನಸ್ಸಿನ ನೆಮ್ಮದಿಗೆ.

ಕಾರ್ಖಾನೆಯಲ್ಲಿ ಇಷ್ಟು ಮರ್ಯಾದೆಯಿದ್ದ ಮನುಷ್ಯನಿಗೆ ಮನೆಯಲ್ಲಿ ಏಳು ತಿಂಗಳ ಮಗಳನ್ನು ನಿಂತುಕೊಂಡು ಎತ್ತಿಕೊಳ್ಳಲು ಅನುಮತಿ ಇರಲಿಲ್ಲ. "ಮೊದಲು ಕೂತ್ಕೊಳ್ಳಿ, ಪಕ್ಕಕ್ಕೆ ದಿಂಬು ಇಟ್ಕೊಳ್ಳಿ, ಆಮೇಲೆ ಕೊಡ್ತೀನಿ" ಎನ್ನುತ್ತಿದ್ದರು ಅತ್ತೆ. ಮಗಳ ಹೆರಿಗೆಗೆಂದು ಬಂದ ಅವರು ಇನ್ನೂ ಹೊರಟಿರಲಿಲ್ಲ. ಕೋಣೆ ಅವರದು, ಮಂಚ ಅವರದು. ಟೇಪಣ್ಣನ ಪಾಲಿಗೆ ಉಳಿದದ್ದು ಮುಂದಿನ ಕೋಣೆಯ ಸೋಫಾ, ಅದೂ ಅವನಿಗಿಂತ ಒಂದು ಗೇಣು ಗಿಡ್ಡ. ಆದರೆ ಅವನನ್ನು ಚುಚ್ಚುತ್ತಿದ್ದದ್ದು ಸೋಫಾ ಅಲ್ಲ, ಆ ದಿಂಬು.

ಹೆಂಡತಿ ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುವವಳು. ಆ ಶನಿವಾರ ಕಚೇರಿಗೆ ಮುಖ ತೋರಿಸಿ ಬರಲು ಹೊರಟಿದ್ದಳು. ಅದೇ ದಿನ ಪುಟ್ಟಿಗೆ ಲಸಿಕೆ ಹಾಕಿಸಬೇಕಿತ್ತು. ಅತ್ತೆ ಶಾಂತವಾಗಿ ಹೇಳಿದರು: "ಇವತ್ತು ನೀವೊಬ್ರೇ ಕರ್ಕೊಂಡು ಹೋಗಿ ಬನ್ನಿ ಅಳಿಯಂದ್ರೇ. ಮಗು ನಿಮ್ಮ ಕೈಲಿ ಇರುತ್ತೆ ಅಂತ ನನಗೆ ಧೈರ್ಯ ಬಂದ್ರೆ, ನಾನೂ ನನ್ನ ಮನೆ ಕಡೆ ಹೊರಡೋ ವಿಚಾರ ಮಾಡ್ತೀನಿ."

"ರೀ, ಬ್ಯಾಗ್ ನಾನು ತುಂಬಿಟ್ಟು ಹೋಗ್ಲಾ?" ಎಂದಳು ಹೆಂಡತಿ. ಆಗಲೇ ಅವನು ನೊರೆ ತುಂಬಿದ ಬಾಯಲ್ಲಿ ಆ ದೊಡ್ಡ ಮಾತು ಆಡಿದ್ದು.

ಆಮೇಲೆ ಒಂದು ಗಂಟೆ ಮನೆಯಲ್ಲಿ ಟೇಪು ಹರಿಯುವ ಪರ್ ಪರ್ ಸದ್ದು. ಆರು ಡೈಪರುಗಳ ಗಾಳಿಯನ್ನು ಮಂಡಿಯಿಂದ ಒತ್ತಿ ತೆಗೆದು, ಮೂರರ ದಪ್ಪಕ್ಕೆ ಇಳಿಸಿ, ಒಂದೊಂದಕ್ಕೂ ಅಡ್ಡ ಎರಡು ಸುತ್ತು, ಉದ್ದ ಎರಡು ಸುತ್ತು. ಎರಡು ಹಾಲಿನ ಬಾಟಲಿಗಳಿಗೆ ಮೊದಲು ಕಾಗದ, ಮೇಲೆ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟೇಪು. ವೈಪ್ಸ್ ಒಣಗಬಾರದೆಂದು ಪೊಟ್ಟಣದ ಬಾಯಿಗೆ ಮೂರು ಪದರ. ಎರಡು ಫ್ರಾಕುಗಳು ಸುರುಳಿಯಾಗಿ ಸಂದುಗಳಲ್ಲಿ ಸೇರಿದವು. ಗಿಲಕಿಯನ್ನು ಹತ್ತಿಯಲ್ಲಿ ಸುತ್ತಿ ಕಟ್ಟಿದ, ಇಲ್ಲದಿದ್ದರೆ ಸದ್ದು ಮಾಡುತ್ತದಲ್ಲ. ಬಹಳ ಮುಖ್ಯವಾದದ್ದು ಎಲ್ಲಕ್ಕಿಂತ ಭದ್ರವಾಗಿರಬೇಕು ಎಂಬುದು ಪ್ಯಾಕಿಂಗ್ ವಿಭಾಗದ ನಿಯಮ. ಹಾಗಾಗಿ ಡೈಪರುಗಳು ಬ್ಯಾಗಿನ ತಳದಲ್ಲಿ ಕೂತವು.

"ಇಷ್ಟು ಬಿಗಿಯಾಗಿ ಕಟ್ಟಿದ್ರೆ ಬಿಚ್ಚೋದು ಹೇಗೆ ಅಳಿಯಂದ್ರೇ?" ಅತ್ತೆ ಕೇಳಿದರು.

"ಬಿಚ್ಚೋದು ಗಿರಾಕಿಗಳ ಕೆಲಸ ಅತ್ತೆ" ಎಂದುಬಿಟ್ಟ ಟೇಪಣ್ಣ. ಸತ್ಯವನ್ನೇ ಹೇಳಿದ್ದ. ಹನ್ನೆರಡು ವರ್ಷದಲ್ಲಿ ಅವನು ಸಾವಿರಾರು ಪೆಟ್ಟಿಗೆ ಕಟ್ಟಿದ್ದನೇ ಹೊರತು ಒಂದನ್ನೂ ಬಿಚ್ಚಿರಲಿಲ್ಲ. ಬ್ಯಾಗನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಪಿಟ್ಟೆನ್ನಲಿಲ್ಲ. ಅತ್ತೆಯ ಕಡೆ ಒಮ್ಮೆ ಹೆಮ್ಮೆಯಿಂದ ನೋಡಿ ಹೊರಟ.

ಆಸ್ಪತ್ರೆಯಲ್ಲಿ ಸರದಿ ಬರಲು ಇನ್ನೂ ಏಳು ಜನರಿದ್ದರು. ಉದ್ದನೆಯ ಬೆಂಚಿನಲ್ಲಿ ಒಂದು ಕಡೆ ಅವಳಿ ಮಕ್ಕಳ ತಾಯಿ, ಇನ್ನೊಂದು ಕಡೆ ಮೊಮ್ಮಗನ ಜೊತೆ ಬಂದಿದ್ದ ಕೆಮ್ಮಿನ ತಾತ. ಟೇಪಣ್ಣ ನಡುವೆ ಕೂತು ಪುಟ್ಟಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡ. ಪುಟ್ಟಿ ಅಪ್ಪನ ಮುಖವನ್ನೇ ನೋಡುತ್ತ, ಉಸಿರು ಬಿಗಿಹಿಡಿದು ಕೆಂಪಾದಳು. ಮರುಕ್ಷಣ ಇಡೀ ಬೆಂಚಿಗೆ ವಿಷಯ ತಿಳಿಯಿತು.

ತಾತ ಮೂಗು ಮುಚ್ಚಿಕೊಂಡು, "ಮಗು ಕೆಲಸ ಮುಗಿಸಿದೆ" ಎಂದು ಘೋಷಿಸಿದರು.

ಟೇಪಣ್ಣ ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಬ್ಯಾಗಿಗೆ ಕೈ ಹಾಕಿದ. ಮೊದಲು ಗಿಲಕಿಯ ಗಂಟು ಬಂತು, ಆಮೇಲೆ ಬಾಟಲಿಯ ಗಂಟು, ಆಮೇಲೆ ಇನ್ನೊಂದು ಬಾಟಲಿ. ಮೊಣಕೈವರೆಗೆ ತೋಳಿಳಿಸಿ ತಳದಿಂದ ಒಂದು ಡೈಪರನ್ನು ಹೆರಿಗೆ ಮಾಡಿಸಿದಂತೆ ಎಳೆದು ತೆಗೆದ. ಟೇಪಿನ ತುದಿ ಹುಡುಕಿದ. ಸಿಗಲಿಲ್ಲ. ತುದಿ ಕಾಣದಂತೆ ಅಂಟಿಸುವುದರಲ್ಲಿ ಅವನಿಗೆ ಕಾರ್ಖಾನೆಯಲ್ಲಿ ಬಹುಮಾನ ಬಂದಿತ್ತು. ಉಗುರು ಹಾಕಿದ, ಉಗುರು ಮುರಿಯಿತು. ಹಲ್ಲು ಹಾಕಿದ.

"ಅಣ್ಣ, ಅದನ್ನ ಯಾಕೆ ಕಚ್ತಿದ್ದೀರಾ?" ಅವಳಿ ಮಕ್ಕಳ ತಾಯಿ ಗಾಬರಿಯಾದಳು.

"ತೆಗೀತಿದ್ದೀನಿ" ಎಂದ ಅವನು ಹಲ್ಲು ಬಿಡದೆ.

"ಕೀಲಿಕೈಯಿಂದ ಚುಚ್ಚಿ" ಎಂದರು ತಾತ. ಚುಚ್ಚಿದ. ಟೇಪು ಜಗ್ಗಲಿಲ್ಲ, ಒಳಗಿನ ಡೈಪರು ತೂತಾಗಿ ಬಿಳಿ ಹತ್ತಿ ಹಾರಿತು. ಎರಡನೆಯದರ ಟೇಪು ಅರ್ಧ ಕಿತ್ತು ಅವನ ಮೀಸೆಗೆ ಅಂಟಿತು. ಪುಟ್ಟಿ ಕಿರುಚಲು ಶುರುಮಾಡಿದಳು. ಅದನ್ನು ಕೇಳಿ ಅವಳಿಗಳು, ಅವಳಿಗಳನ್ನು ಕೇಳಿ ತಾತನ ಮೊಮ್ಮಗ. ಒಳಗಿನಿಂದ ನರ್ಸ್ ಓಡಿಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರೀ ಇದು, ಮಗುವಿನ ಬ್ಯಾಗಾ, ಹಡಗಿಗೆ ಹಾಕೋ ಪಾರ್ಸಲ್ಲಾ?"

ಇಡೀ ಕೋಣೆ ನಕ್ಕಿತು. ಸೂಜಿ ಚುಚ್ಚಿಸಿಕೊಂಡು ಅಳುತ್ತಿದ್ದ ಒಂದು ಮಗು ಕೂಡ ನಿಲ್ಲಿಸಿ ನೋಡಿತು. ಮೀಸೆಯಲ್ಲಿ ಟೇಪು ನೇತಾಡಿಸಿಕೊಂಡು ಟೇಪಣ್ಣ ನೆಲ ನೋಡುತ್ತ ನಿಂತ. ಹನ್ನೆರಡು ವರ್ಷ ಗಳಿಸಿದ್ದ ಮಾನ ಆ ಬೆಂಚಿನ ಮೇಲೆ ಹತ್ತಿಯಾಗಿ ಹಾರಾಡುತ್ತಿತ್ತು. ಅದಕ್ಕಿಂತ ಹೆಚ್ಚು ನೋವಾದದ್ದು ಬೇರೆ. ಮಗಳು ಅವನನ್ನೇ ನೋಡಿಕೊಂಡು ಅಳುತ್ತಿದ್ದಳು, ಅವಳಿಗಾಗಿ ಅವನಿಂದ ಏನೂ ಮಾಡಲಾಗುತ್ತಿರಲಿಲ್ಲ.

ಕೊನೆಗೆ ಅವಳಿ ಮಕ್ಕಳ ತಾಯಿಯೇ ಎದ್ದಳು. "ಕೊಡಿ ಅಣ್ಣ ಇಲ್ಲಿ." ತನ್ನ ಚೀಲದಿಂದ ಒಂದು ಡೈಪರ್ ತೆಗೆದು ಎರಡು ನಿಮಿಷದಲ್ಲಿ ಒರೆಸಿ, ಹಾಕಿ, ಮುಗಿಸಿದಳು. "ಬಟ್ಟೆಗೇನೂ ಆಗಿಲ್ಲ, ನಿಮ್ಮ ಪುಣ್ಯ." ಆಮೇಲೆ ತನ್ನದೇ ಬಾಟಲಿಯಿಂದ ಪುಟ್ಟಿಗೆ ಹಾಲನ್ನೂ ಕುಡಿಸಿದಳು. ಟೇಪಣ್ಣ ಮಗುವಿಗೆ ಲಸಿಕೆ ಹಾಕಿಸಿ, ಬಿದ್ದ ಗಂಟುಗಳನ್ನೆಲ್ಲ ಬಾಚಿ ಬ್ಯಾಗಿಗೆ ತುರುಕಿ, ಯಾರ ಮುಖವನ್ನೂ ನೋಡದೆ ಹೊರಬಿದ್ದ.

ದಾರಿಯಲ್ಲಿ ಪುಟ್ಟಿ ಹೆಗಲ ಮೇಲೆ ನಿದ್ದೆ ಹೋದಳು. ಎಲ್ಲಾ ಮುಗಿಯಿತಲ್ಲ ಎಂದು ಉಸಿರುಬಿಡುವಷ್ಟರಲ್ಲಿ ಅವನಿಗೆ ಹೊಳೆಯಿತು. ಅತ್ತೆ ಮೊದಲು ನೋಡುವುದು ಬ್ಯಾಗನ್ನು. ಗಂಟುಗಳು ಹಾಗೇ ಇದ್ದರೆ, ಮೂರು ಗಂಟೆ ಮಗುವನ್ನು ಒದ್ದೆಯಲ್ಲಿ, ಹಸಿವಿನಲ್ಲಿ ಇಟ್ಟಿದ್ದೆ ಎನ್ನಬೇಕು. ಇಲ್ಲವೇ ಪರರ ಮುಂದೆ ಕೈಚಾಚಿದೆ ಎನ್ನಬೇಕು. ಎರಡೂ ಬಾಯಿಂದ ಬರುವ ಮಾತಲ್ಲ.

ದಾರಿಯ ಅಂಗಡಿಯಲ್ಲಿ ಒಂದು ಬ್ಲೇಡು ಕೊಂಡು ಉದ್ಯಾನದ ಮೂಲೆಯಲ್ಲಿ ಕೂತ. ತೂತಾದದ್ದೂ ಸೇರಿ ಐದು ಡೈಪರುಗಳನ್ನು ಕಸದ ಬುಟ್ಟಿಗೆ ಹಾಕಿದ. ಒಂದನ್ನು ಬಿಚ್ಚಿ ಉಳಿಸಿಕೊಂಡ, ನಂಬುವಂತಿರಲಿ ಎಂದು. ಎರಡೂ ಬಾಟಲಿಗಳ ಹಾಲನ್ನು ಗಿಡದ ಬುಡಕ್ಕೆ ಸುರಿದ. ವೈಪ್ಸ್ ಅರ್ಧ ಖಾಲಿ ಮಾಡಿದ. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ಟೇಪಣ್ಣನೇ ಅಲ್ಲ. ಎರಡು ಫ್ರಾಕುಗಳನ್ನೂ ನಲ್ಲಿಯಲ್ಲಿ ತೊಳೆದು ಹಿಂಡಿ ತುಂಬಿಕೊಂಡ. ಎಷ್ಟು ಮುತುವರ್ಜಿಯಿಂದ ನೋಡಿಕೊಂಡಿದ್ದೇನೆಂದು ಅತ್ತೆಗೆ ತಿಳಿಯಲಿ.

ಅತ್ತೆ ನಿದ್ದೆಯಲ್ಲಿದ್ದ ಮಗುವನ್ನು ಎತ್ತಿಕೊಂಡರು. "ತೊಂದರೆ ಏನೂ ಆಗ್ಲಿಲ್ವಾ?"

"ಹೂ ಎತ್ತಿದ ಹಾಗೆ ಆಯ್ತು ಅತ್ತೆ."

ಅವರು ಬ್ಯಾಗ್ ತೆರೆದರು. ಮುಖದ ನಗು ಮೆಲ್ಲಗೆ ಇಳಿಯಿತು. "ಐದು ಡೈಪರ್ರಾ? ಮೂರು ಗಂಟೇಲಿ?"

"ಒದ್ದೆ ಆಗ್ತಿದ್ದ ಹಾಗೇ ಬದಲಾಯಿಸ್ತಾ ಇದ್ದೆ."

"ಎರಡು ಫ್ರಾಕೂ ಹಾಳಾಗಿದೆ. ಎರಡು ಬಾಟಲಿ ಹಾಲು ಕುಡಿದೂ ಹೊಟ್ಟೆ ಬೆನ್ನಿಗೆ ಅಂಟಿದೆಯಲ್ಲಪ್ಪ ಕಂದಂಗೆ!" ಅತ್ತೆ ಮಗುವಿನ ಹೊಟ್ಟೆ ಮುಟ್ಟಿ ನೋಡಿದರು. "ಬರೀ ಭೇದಿ ಇದು. ಮಗು ನಿದ್ದೆ ಮಾಡ್ತಿಲ್ಲ ಅಳಿಯಂದ್ರೇ, ಸುಸ್ತಾಗಿ ಬಿದ್ದಿದೆ! ನಡೀರಿ ಆಸ್ಪತ್ರೆಗೆ!"

ನಿಜ ಹೇಳಲು ಟೇಪಣ್ಣ ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಮಗಳಿಗೆ ಫೋನ್ ಮಾಡಿ ಅಳುತ್ತಿದ್ದರು. ಬಾಯಿ ಮುಚ್ಚಿಕೊಂಡ.

ಅದೇ ಆಸ್ಪತ್ರೆ, ಅದೇ ಬೆಂಚು. ಅವಳಿ ಮಕ್ಕಳ ತಾಯಿ ಔಷಧಿಗೆಂದು ಇನ್ನೂ ಕಾಯುತ್ತಿದ್ದಳು. ತಾತನೂ ಇದ್ದರು. ನರ್ಸ್ ದೂರದಿಂದಲೇ, "ಪಾರ್ಸಲ್ ಅಪ್ಪ ಮತ್ತೆ ಬಂದ್ರು!" ಎಂದಳು. ಅತ್ತೆಗೆ ಅದು ಕಿವಿಗೆ ಬೀಳಲಿಲ್ಲ. ಹೆಂಡತಿ ಕಚೇರಿಯಿಂದ ಏದುಸಿರು ಬಿಡುತ್ತ ಓಡಿಬಂದಳು. ಮಗುವನ್ನೆತ್ತಿಕೊಂಡು ಮೂವರೂ ಡಾಕ್ಟರಮ್ಮನ ಮುಂದೆ ನಿಂತರು.

"ಎಷ್ಟು ಸಲ ಆಯ್ತು?" ಡಾಕ್ಟರಮ್ಮ ಕೇಳಿದರು.

"ಐದು" ಎಂದರು ಅತ್ತೆ.

"ನೀರಾಗಿತ್ತಾ? ಯಾವ ಬಣ್ಣ?"

ಎಲ್ಲರೂ ಟೇಪಣ್ಣನ ಕಡೆ ತಿರುಗಿದರು. "ಬಣ್ಣ... ಸಾಧಾರಣ ಬಣ್ಣ" ಎಂದ.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಇಷ್ಟು ಚಿಕ್ಕ ಮಗುವಿಗೆ ಐದು ಸಲ ಅಂದ್ರೆ ನಾನು ಸುಮ್ಮನಿರೋಕಾಗಲ್ಲ. ರಕ್ತ ತೆಗೆದು ನೋಡ್ಬೇಕು. ಬಹುಶಃ ಡ್ರಿಪ್ ಹಾಕ್ಬೇಕಾಗುತ್ತೆ."

ನರ್ಸ್ ಸೂಜಿಯ ಕವಚ ಹರಿದಳು. ಪುಟ್ಟಿ ಎಚ್ಚರಗೊಂಡು, ಅಪ್ಪನನ್ನು ಕಂಡು, ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಟೇಪಣ್ಣ ಸೂಜಿಗೆ ಅಡ್ಡ ಬಂದ.

"ಬೇಡ! ನಿಲ್ಸಿ!" ಎಂದು ಕೂಗಿಬಿಟ್ಟ. "ಒಂದೇ ಸಲ ಡಾಕ್ಟ್ರೇ. ಅದೂ ಇಲ್ಲೇ, ಹೊರಗಿನ ಬೆಂಚಿನ ಮೇಲೆ. ಟೇಪ್ ಬಿಚ್ಚೋಕೇ ಬರ್ಲಿಲ್ಲ. ಹಾಲು ಕುಡಿಸಿದ್ದೂ ಆ ಅವಳಿ ಮಕ್ಕಳ ತಾಯಿ. ಉಳಿದ ಡೈಪರೆಲ್ಲ ಕಸದ ಬುಟ್ಟೀಲಿದೆ, ಬೇಕಾದ್ರೆ ತೋರಿಸ್ತೀನಿ. ಫ್ರಾಕ್ ನಾನೇ ನೀರಲ್ಲಿ ಅದ್ದಿದ್ದು."

ಬಾಗಿಲಿನಿಂದ ತಾತ ಕೆಮ್ಮಿ, "ನಾನೇ ಸಾಕ್ಷಿ" ಎಂದರು. ಹೆಂಡತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ, ಕೇಳುವ ಮುಖವೂ ಉಳಿದಿರಲಿಲ್ಲ.

ಹೊರಗೆ ಬಂದ ಮೇಲೆ ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಮ್ಮ ಪರ್ಸಿನಿಂದ ಮಡಿಸಿದ ಒಂದು ಚೀಟಿ ತೆಗೆದು ಅವನ ಮುಂದೆ ಹಿಡಿದರು. ಅಂದು ಸಂಜೆಯ ಬಸ್ಸಿನ ಟಿಕೆಟ್ಟು, ಅವರ ಊರಿಗೆ.

"ನಿನ್ನೇನೇ ತೆಗೆಸಿಟ್ಟಿದ್ದೆ" ಎಂದರು. "ಬಟ್ಟೆನೂ ಪೆಟ್ಟಿಗೆಗೆ ಹಾಕಿ ಆಗಿತ್ತು. ಮಗು ಗಲೀಜಾಗಿ ಅಳ್ತಾ ಬಂದಿದ್ರೂ ನಾನು ಹೊರಟೇಬಿಡ್ತಿದ್ದೆ ಅಳಿಯಂದ್ರೇ. ಮೊದಲನೇ ದಿನ ಯಾರಿಗೆ ಬರುತ್ತೆ? ನಾಲ್ಕು ಸಲ ಕೆಟ್ಟರೆ ಐದನೇ ಸಲ ಕಲೀತಾರೆ ಅಂತ ನನ್ನ ಮಗಳಿಗೂ ಹೇಳಿದ್ದೆ. ಆದ್ರೆ ಆಗದೇ ಇದ್ದದ್ದನ್ನ ಆಯ್ತು ಅನ್ನೋರ ಹತ್ರ ಮಗು ಬಿಟ್ಟು, ಅಷ್ಟು ದೂರದಲ್ಲಿ ನನಗೆ ನಿದ್ದೆ ಹತ್ತುತ್ತಾ, ನೀವೇ ಹೇಳಿ."

ಗೆದ್ದ ಆಟವನ್ನು ಟೇಪಣ್ಣ ತಾನೇ ಕಷ್ಟಪಟ್ಟು ಸೋತಿದ್ದ.

ಅತ್ತೆ ಟಿಕೆಟ್ಟನ್ನು ಅವನ ಅಂಗೈಯಲ್ಲಿಟ್ಟರು. "ಹೋಗಿ ರದ್ದು ಮಾಡಿಸಿ ಬನ್ನಿ."

"ಟಿಕೆಟ್ ಕೊಡೋರು ಬೇರೆ ಯಾವ ದಿನಕ್ಕೆ ಬೇಕು ಅಂತ ಕೇಳಿದ್ರೆ ಏನು ಹೇಳ್ಲಿ ಅತ್ತೆ?" ಟೇಪಣ್ಣ ಮೆಲ್ಲಗೆ ಕೇಳಿದ.

ಅತ್ತೆ ಪುಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಲೆಕ್ಕ ಹಾಕಿದರು. "ಇವಳು ಶಾಲೆಗೆ ಸೇರೋ ದಿನ ಯಾವತ್ತು ಅಂತ ವಿಚಾರಿಸ್ಕೊಂಡು ಬರ್ತೀನಿ ಅನ್ನಿ."